ಸಿ ಡ್ರೈವಿನಿಂದ ಮಾವನ ವರ್ಗಾವಣೆ

ಹೊಸದಾಗಿ ಏನನ್ನಾದರೂ ಕಲಿತವರ ಜೊತೆ ಒಂದೇ ಮನೆಯಲ್ಲಿ ಬಾಳುವುದು ಕಷ್ಟ. ಇದನ್ನು ನಾನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ, ನನ್ನ ಜೊತೆ ಬಾಳಿದವರನ್ನು ನೋಡಿ ಹೇಳುತ್ತಿದ್ದೇನೆ. ಪಿಯುಸಿ ಮುಗಿದ ರಜೆಯಲ್ಲಿ ಹೊಲಿಗೆ ಕಲಿತೆ. ಆ ಬೇಸಿಗೆಯಲ್ಲಿ ನಮ್ಮ ತಾಯಿಯ ಮನೆಯ ದಿಂಬುಗಳಿಗೆಲ್ಲ ಫ್ರಿಲ್ ಬಂತು, ಬಟ್ಟೆ ಮಿಕ್ಕಿತೆಂದು ಕೊನೆಗೆ ರೇಡಿಯೋಗೂ ಒಂದು ಲಂಗ ಬಂತು. ಗೈಡ್ಸ್ ಕ್ಯಾಂಪಿನಲ್ಲಿ ಪ್ರಥಮ ಚಿಕಿತ್ಸೆ ಕಲಿತು ಬಂದಾಗ, ಕಿರುಬೆರಳಿಗೆ ಮುಳ್ಳು ಚುಚ್ಚಿಕೊಂಡಿದ್ದ ಅಣ್ಣನಿಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿದ್ದೆ. ಅವನು ಎರಡು ದಿನ ಎಡಗೈಯಲ್ಲಿ ಊಟ ಮಾಡಿದ. ಮದುವೆಯಾಗಿ, ಹೈಸ್ಕೂಲಿನಲ್ಲಿ ಮೇಡಮ್ಮಾಗಿದ್ದಾಗ ಇಲಾಖೆಯವರು ನಮ್ಮಂಥ ಮೇಷ್ಟ್ರುಗಳಿಗೆಲ್ಲ ಹತ್ತು ದಿನ ಕಂಪ್ಯೂಟರ್ ತರಬೇತಿ ಕೊಡಿಸಿದರು. ತರಬೇತಿ ಮುಗಿಸಿ ಬಂದ ನನ್ನನ್ನು ನೋಡಿ ನನ್ನ ಯಜಮಾನರು, "ಈ ಸಲ ಯಾರ ಸರದಿ?" ಎಂದರು. ಅವರು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ ಮಾಡುವವರು. ಮನೆಯಲ್ಲಿರುವಾಗ ಹೆಚ್ಚು ಹೊತ್ತು ಮಲಗಿಯೇ ಇರುತ್ತಾರಾದ್ದರಿಂದ ನನ್ನ ವಿದ್ಯೆಗಳಿಂದ ಅವರಿಗೆ ಅಪಾಯ ಕಡಿಮೆ.

ಆ ಸಲದ ಸರದಿ ಮಾವನದಾಯಿತು. ನಮ್ಮ ಮಾವ ಹೆಮ್ಮಿಗೆಯವರು, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ನಂಜನಗೂಡಿಗೆ ಬಂದಿದ್ದರು. ನಮ್ಮ ಮನೆ ಟಿ. ನರಸೀಪುರದ ರಸ್ತೆಯಲ್ಲೇ ಇತ್ತು, ಬಸ್ ಸ್ಟಾಪು ಎದುರಿಗೇ. ನನ್ನ ಸ್ಕೂಲು ಟಿ. ನರಸೀಪುರದಲ್ಲಿ. ದಿನಾ ಬೆಳಿಗ್ಗೆ ನಾನು ಬಸ್ಸು ಹತ್ತುವ ಹೊತ್ತಿಗೆ ಮಾವ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಪೇಪರಿನ ಹುಡುಗನನ್ನು ಕಾಯುತ್ತಿದ್ದಾರೆ ಎಂದು ನಾನು ತಿಳಿದುಕೊಂಡಿದ್ದೆ. ಆಮೇಲಿನ ಇಡೀ ದಿನ ಅವರಿಗೆ ಕೆಲಸವಿರಲಿಲ್ಲ. ಮುಂದಿನ ಹಾಲಿನಲ್ಲಿದ್ದ ಮಂಚದ ಮೇಲೆ ಕೂತು ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡಿ, "ಇವ್ನು ಲೇಟು", ಹೊತ್ತಿಗೆ ಮುಂಚೆ ಬಂದರೆ "ಇವ್ನು ಬಿಫೋರು" ಎನ್ನುತ್ತಿದ್ದರು. ಮನೆಗೆ ಕಂಪ್ಯೂಟರ್ ಬಂದ ಮೇಲೆ, ಇವರಿಗೂ ಕಲಿಸಿದರೆ ಹೇಗೆ ಅನ್ನಿಸಿತು.

ಅವರು ಕಲಿತರು. ನಾನು ಅಂದುಕೊಂಡದ್ದಕ್ಕಿಂತ ಬೇಗ ಕಲಿತರು. ಅವರದೇ ಹೆಸರಿನಲ್ಲಿ ಒಂದು ಖಾತೆ ತೆರೆದು, ಹೆಸರಿನ ಪಕ್ಕ ಹಾಕಲು ಚಿತ್ರಗಳನ್ನು ತೋರಿಸಿದಾಗ, "ಬಸ್ಸಿಲ್ವಾ?" ಎಂದು ಕೇಳಿದರು. ಕಾರಿತ್ತು, ಮೋಟಾರ್ ಸೈಕಲ್ಲಿತ್ತು, ಬಸ್ಸಿರಲಿಲ್ಲ. ಬೇಸರದಿಂದ ಒಂದು ಹಳದಿ ಬಾತುಕೋಳಿಯನ್ನು ಆರಿಸಿಕೊಂಡರು. ಗುಟ್ಟಿನ ಪದ ಒಂದು ಬೇಕು ಮಾವ, ಯಾರಿಗೂ ಹೇಳಬಾರದು ಎಂದೆ. ಅದನ್ನು ಒಂದೊಂದೇ ಅಕ್ಷರವಾಗಿ, ಕಡೇ ಸೀಟಿನವರಿಗೂ ಕೇಳಿಸುವ ಹಾಗೆ ಕೂಗಿಕೊಂಡು ಒತ್ತಿದರು. ಬಲಗೈಯ ತೋರುಬೆರಳೊಂದರಲ್ಲೇ ಕನ್ನಡ ಟೈಪ್ ಮಾಡುತ್ತಿದ್ದರು. ಎಡಗೈ ಮಾತ್ರ ಇನ್ನೂ ಟಿಕೆಟಿನ ಕಟ್ಟು ಹಿಡಿದ ಹಾಗೆ ಎದೆಯ ಹತ್ತಿರವೇ ಇರುತ್ತಿತ್ತು. ದಿನಾ ಸ್ವಲ್ಪ ಹೊತ್ತು ಏನೋ ಬರೆಯುತ್ತಿದ್ದರು. ಏನು ಮಾವ ಅದು ಎಂದರೆ, "ಏನಿಲ್ಲ ಕಣವ್ವ, ಬೆರಳು ಪಳಗ್ಲಿ ಅಂತ" ಎನ್ನುತ್ತಿದ್ದರು. ನಾನು ಮೇಡಮ್ಮು. ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿಗೆ ತೊಂದರೆ ಕೊಡಬಾರದೆಂದು ಸುಮ್ಮನಾದೆ.

ಆರೇಳು ತಿಂಗಳಾದ ಮೇಲೆ ಪರದೆಯ ಮೂಲೆಯಲ್ಲಿ ಹಳದಿಯ ಒಂದು ಚೀಟಿ ಮೇಲೇಳಲು ಶುರುವಾಯಿತು. ಸಿ ಡ್ರೈವಿನಲ್ಲಿ ಜಾಗ ಮುಗಿಯುತ್ತಾ ಬಂದಿದೆ ಎಂದು ಅದರ ದೂರು. ಕಂಪ್ಯೂಟರ್ ಜೋಡಿಸಿಕೊಟ್ಟವನು ಸಿಗೆ ಸ್ವಲ್ಪ ಜಾಗ ಬಿಟ್ಟು, ಡಿಗೆ ಬೇಕಾದಷ್ಟು ಕೊಟ್ಟಿದ್ದ. ಡಿ ಖಾಲಿ ಹೊಡೆಯುತ್ತಿತ್ತು. ತರಬೇತಿಯಲ್ಲಿ ನಮ್ಮ ಗುರುಗಳು, "ಸಿ ಅನ್ನುವುದು ವಿಂಡೋಸ್ ಇರುವ ಜಾಗ. ವಿಂಡೋಸ್ ಕೆಟ್ಟರೆ ಸಿಯನ್ನು ಒರೆಸಿ ಹಾಕಬೇಕಾಗುತ್ತದೆ. ನಿಮ್ಮ ಸ್ವಂತದ್ದು ಏನನ್ನೂ ಅಲ್ಲಿ ಇಡಬೇಡಿ, ಬಳಕೆದಾರರ ಫೋಲ್ಡರನ್ನೇ ಡಿಗೆ ಸಾಗಿಸಿ" ಎಂದು ಹೇಳಿ, ಹೇಗೆಂದು ತೋರಿಸುವಷ್ಟರಲ್ಲಿ ಕರೆಂಟು ಹೋಗಿತ್ತು. ಹಾಗಾಗಿ ಯಾಕೆ ಸಾಗಿಸಬೇಕು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ನನ್ನ ಮಟ್ಟಿಗೆ ಅಷ್ಟು ಸಾಕಾಗಿತ್ತು.

ಇಲ್ಲಿ ಇನ್ನೊಂದು ಸಾಗಾಣಿಕೆಯ ವಿಷಯ ಹೇಳಬೇಕು. ಅದಕ್ಕೆ ಒಂದು ವಾರ ಮುಂಚೆ ನಾನು ಮಾವನ ಮಂಚವನ್ನು ಹಾಲಿನಿಂದ ಹಿಂದಿನ ರೂಮಿಗೆ ಹಾಕಿಸಿದ್ದೆ. ರಸ್ತೆಯ ಧೂಳು, ಬಸ್ಸಿನ ಗಲಾಟೆ, ನಿಮಗೆ ಕೆಮ್ಮು ಬೇರೆ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ, ಟ್ಯೂಷನ್ನಿಗೆ ಬರುವ ಮಕ್ಕಳ ತಂದೆತಾಯಿ ಬಂದರೆ ಕೂರಿಸಲು ನನಗೆ ಒಂದು ಸೋಫಾ ಹಾಕಬೇಕಿತ್ತು. "ಎಲ್ಲಾದ್ರೇನು, ಮಲಗೋಕೆ ತಾನೆ" ಎಂದು ಮಾವ ಹಾಸಿಗೆ ಸುತ್ತಿಕೊಂಡು ಹೋದರು.

ಒಂದು ಭಾನುವಾರ ಮಧ್ಯಾಹ್ನ ಅವರು ಊಟ ಮಾಡುತ್ತಿರುವಾಗ, "ಮಾವ, ಸಿಯಲ್ಲಿ ಜಾಗ ಸಾಲ್ತಿಲ್ಲ. ನಿಮ್ಮದನ್ನೆಲ್ಲ ತೆಗೆದು ಡಿಗೆ ಹಾಕ್ತೀನಿ" ಎಂದೆ. ಸಾರು ಕಲೆಸಿಕೊಳ್ಳುತ್ತಾ "ಊಂ" ಎಂದರು. ಅವರು ಹೊಳೆ ಕಡೆ ಅಡ್ಡಾಡಲು ಹೋದ ಮೇಲೆ ಕೆಲಸ ಶುರು ಮಾಡಿದೆ. ಅವರ ಫೋಲ್ಡರನ್ನು ಮುಟ್ಟಿದ ಕೂಡಲೇ, ನಿಮಗೆ ಪ್ರವೇಶವಿಲ್ಲ ಎಂದಿತು ಕಂಪ್ಯೂಟರು. ಹುಡುಕಿ ಹುಡುಕಿ ಇನ್ನೊಂದು ಕಡೆ ಒತ್ತಿದಾಗ, ಹಾಗಾದರೆ ಇದರ ಯಜಮಾನಿಕೆಯನ್ನು ನೀವೇ ವಹಿಸಿಕೊಳ್ಳುತ್ತೀರಾ ಎಂದು ಕೇಳಿತು. ಸೊಸೆಯನ್ನು ಇಷ್ಟು ನೇರವಾಗಿ ಯಾರೂ ಕೇಳಬಾರದು. ಆದರೂ ಹೌದು ಎಂದು ಒತ್ತಿದೆ. ಫೋಲ್ಡರನ್ನು ಡಿಗೆ ನಕಲು ಮಾಡಿ, ಸಿಯಲ್ಲಿದ್ದದ್ದನ್ನು ಅಳಿಸಿ, ಕೈ ತೊಳೆದುಕೊಂಡೆ. ಐದು ನಿಮಿಷಕ್ಕೆ ಹಳದಿ ಚೀಟಿ ಮತ್ತೆ ಎದ್ದಿತು. ಮಾವನ ಆಸ್ತಿ ಅಷ್ಟೂ ಸೇರಿದರೆ ನಮ್ಮ ಸ್ಕೂಲ್ ಡೇಯ ಒಂದು ಫೋಟೋದಷ್ಟೂ ಇರಲಿಲ್ಲ. ಅಂಥ ಇನ್ನೂರು ಫೋಟೋ ನನ್ನ ಫೋಲ್ಡರಿನಲ್ಲಿದ್ದವು.

ಸೋಮವಾರ ಸಂಜೆ ಸ್ಕೂಲಿನಿಂದ ಬಂದಾಗ ಯಜಮಾನರು ಎದ್ದು ಕೂತಿದ್ದರು. ಅಷ್ಟರಿಂದಲೇ ಏನೋ ಆಗಿದೆ ಎಂದು ಗೊತ್ತಾಯಿತು. "ಅಪ್ಪ ತಲಕಾಡಿಗೆ ಹೋದ್ರು, ಅಕ್ಕನ ಮನೆಗೆ. ದೊಡ್ಡ ಬ್ಯಾಗೇ ತಗೊಂಡು ಹೋದ್ರು" ಎಂದರು.

"ಯಾಕೆ? ಏನಂದ್ರು?"

"ಬೆಳಿಗ್ಗೆ ಕಂಪ್ಯೂಟರ್ ಹಾಕಿ ಕೂತಿದ್ರು. ಆಮೇಲೆ ಬಂದು ನನ್ನ ಎಬ್ಬಿಸಿ, 'ಜಾಗ ಸಾಲ್ದು ಅಂತ ನನ್ ಸಾಮಾನೆಲ್ಲ ತಗ್ದಾಕವಳೆ ಕಣ್ಲಾ. ಮಂಚ ಆಯ್ತು, ಈಗ ಇದು. ಬಾಯ್ಬುಟ್ಟು ಯೋಳೋಕ್ ಮುಂಚೆ ನಾನೇ ಓಗೋದು ವಾಸಿ' ಅಂದ್ರು. ನನಗೆ ನಿದ್ದೆಗಣ್ಣು. ಪೂರ್ತಿ ಅರ್ಥ ಆಗೋ ಹೊತ್ತಿಗೆ ಬಸ್ಸು ಹೊರಟುಹೋಗಿತ್ತು."

ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರ್ ಹಾಕಿದೆ. ಬಾತುಕೋಳಿಯನ್ನು ಒತ್ತಿ ಒಳಗೆ ಹೋದರೆ, ನೀಲಿ ಆಕಾಶ, ಹಸಿರು ಹುಲ್ಲಿನ ಒಂದು ದಿಬ್ಬದ ಚಿತ್ರ, ಅಷ್ಟೇ. ಅವರು ಸಾಲಾಗಿ ಜೋಡಿಸಿಟ್ಟುಕೊಂಡಿದ್ದ ಯಾವುದೂ ಅಲ್ಲಿಲ್ಲ. ಸಾಮಾನನ್ನು ಸಾಗಿಸಿದ ಮೇಲೆ ಹೊಸ ವಿಳಾಸವನ್ನು ವಿಂಡೋಸಿಗೆ ಹೇಳಬೇಕು ಎನ್ನುವುದು, ಕರೆಂಟು ಹೋದ ಮೇಲಿನ ಪಾಠವಾಗಿತ್ತೆಂದು ಕಾಣುತ್ತದೆ. ಡಿಗೆ ಹೋಗಿ ನೋಡಿದೆ. ಫೋಲ್ಡರೇನೋ ಇತ್ತು. ಒಂದು ಕಡತ ತೆರೆದರೆ ಒಳಗೆಲ್ಲ ಕೊಕ್ಕೆ, ಬೊಟ್ಟು, ತಲೆಕೆಳಗಾದ ಇಂಗ್ಲಿಷ್ ಅಕ್ಷರಗಳು. ಸಾಗಿಸುವಾಗ ಎಲ್ಲವನ್ನೂ ನಾನೇ ಒಡೆದುಹಾಕಿದೆ ಅಂದುಕೊಂಡೆ. ಅಲ್ಲೇ ಕೂತು ಅತ್ತುಬಿಟ್ಟೆ. ಮೂಗು ಒರೆಸಿಕೊಂಡ ಮೇಲೆ ಬುದ್ಧಿ ಬಂತು. ಅಕ್ಷರಶೈಲಿಯನ್ನು ಕನ್ನಡಕ್ಕೆ ಬದಲಾಯಿಸಿದೆ. ಕೊಕ್ಕೆಗಳೆಲ್ಲ ಒಂದೇ ಸಲ ಕನ್ನಡವಾದವು. ಸರಿಯಾಗಿವೆಯೋ ಇಲ್ಲವೋ ನೋಡಲೆಂದು ಎರಡು ಸಾಲು ಓದಿದವಳು, ಮತ್ತೆ ನಿಲ್ಲಿಸಲಿಲ್ಲ.

"ಸೋಮವಾರ. ಬಸ್ಸು ಐದು ನಿಮಿಷ ಲೇಟು. ಸೊಸೆಗೆ ಸೀಟು ಸಿಕ್ಕಿತು.

ಮಂಗಳವಾರ. ರಷ್. ಸೊಸೆ ನಿಂತು ಹೋದಳು. ಚೀಲ ಭಾರ ಇತ್ತು.

ಬುಧವಾರ. ಫುಟ್‌ಬೋರ್ಡಿನಲ್ಲಿ ನಿಂತಳು. ಒಳಗೆ ಹೋಗಿ ಎಂದು ಕಂಡಕ್ಟರ್ ಹೇಳಲಿಲ್ಲ. ಸರಿಯಲ್ಲ.

ಗುರುವಾರ. ಮಳೆ. ಕೊಡೆ ಬಿಟ್ಟು ಹೋದಳು. ಕೂಗಿದೆ. ಕೇಳಿಸಲಿಲ್ಲ.

ಶುಕ್ರವಾರ. ಡ್ರೈವರ್ ಪಕ್ಕದ ಸೀಟು ಸಿಕ್ಕಿತು. ಇಂಜಿನ್ ಬಿಸಿ ಬರುತ್ತದೆ. ಆದರೂ ಪರವಾಗಿಲ್ಲ."

ತಿಂಗಳುಗಟ್ಟಲೆ ಹೀಗೇ ಇತ್ತು. ಭಾನುವಾರಗಳಲ್ಲಿ "ಸೊಸೆ ಮನೆಯಲ್ಲೇ" ಎಂದು ಎರಡೇ ಪದ. ಕೊನೆಯ ವಾರಕ್ಕೆ ಬಂದೆ. "ಈ ದಿನ ಮಂಚ ಹಿಂದಿನ ರೂಮಿಗೆ ಹೋಯಿತು. ಅಲ್ಲಿಂದ ರಸ್ತೆ ಕಾಣುವುದಿಲ್ಲ." ಮಾರನೆಯ ದಿನದ್ದು, "ದಿನಕ್ಕಿಂತ ಬೇಗ ಎದ್ದು ಗೇಟಿಗೆ ಹೋಗಿ ನಿಂತೆ. ಸೀಟು ಸಿಕ್ಕಿತು."

ನನ್ನ ಹೆತ್ತವರಾಗಲಿ, ಕೈಹಿಡಿದವರಾಗಲಿ, ನಾನು ಪಾಠ ಹೇಳಿದ ಅಷ್ಟು ಮಕ್ಕಳಾಗಲಿ, ನಾನು ಕೂತು ಹೋದೆನೋ ನಿಂತು ಹೋದೆನೋ ಎಂದು ಒಂದು ದಿನವೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಯಾರನ್ನೂ ಕೇಳಿದವಳಲ್ಲ. ಬಸ್ಸಿನಲ್ಲಿ ನಿಂತ ದಿನಗಳನ್ನು ನಾನೇ ಮರೆತಿದ್ದೆ. ಯಜಮಾನರು ಹಿಂದೆ ನಿಂತು ಓದುತ್ತಿದ್ದರು. ಓದಿ ಮುಗಿಸಿದವರೇ ನನ್ನ ಸೋಫಾವನ್ನು ಒಬ್ಬರೇ ಎಳೆದು ಮೂಲೆಗೆ ಸರಿಸಿ, ಮಂಚವನ್ನು ಹಾಲಿಗೆ ತಂದು ಹಾಕಿದರು. ಶಿಫ್ಟಿನ ಕೆಲಸದವರು ಎಚ್ಚರವಿದ್ದಾಗ ಎಷ್ಟು ಕೆಲಸಕ್ಕೆ ಬರುತ್ತಾರೆ ಎಂದು ಅವತ್ತೇ ನನಗೆ ತಿಳಿದದ್ದು.

ಮಾರನೆಯ ದಿನ ಸ್ಕೂಲಿಗೆ ರಜೆ ಹಾಕಿ ತಲಕಾಡಿಗೆ ಹೋದೆ. ಮಾವ ಮಗಳ ಮನೆಯ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು. "ಯಾಕ್ ಮಗ, ಸ್ಕೂಲಿಲ್ವಾ? ಎಲ್ಲಾ ಸಂದಾಗವ್ರಾ?" ಎಂದರು. ಚೆನ್ನಾಗಿದ್ದಾರೆ ಎಂದು ಪಕ್ಕದಲ್ಲಿ ಕೂತು ನಾನೂ ಸುಲಿಯತೊಡಗಿದೆ.

"ಮಾವ, ನಿಮ್ಮ ಸಾಮಾನು ಒಂದೂ ಹೋಗಿಲ್ಲ. ಎಲ್ಲಾ ಡಿಯಲ್ಲಿದೆ. ನಾನು ತೆಗೆದುಹಾಕಿದ್ದಲ್ಲ."

ಅವರು ಕಾಯಿಯಿಂದ ಕಣ್ಣೆತ್ತಲಿಲ್ಲ. "ಓಗ್ಲಿ ಬುಡು. ನಂದೇನ್ ಮಾ ಅಂತಾದ್ದಿತ್ತು ಅಲ್ಲಿ" ಎಂದರು. ಕೈಯಲ್ಲಿದ್ದ ಕಾಯಿ ಸುಲಿದು ಮೊರಕ್ಕೆ ಹಾಕಿ, "ಓದ್ದಾ?" ಎಂದು ಕೇಳಿದರು.

"ಓದಿದೆ."

ಅವರ ಕಿವಿ ಕೆಂಪಾಯಿತು. "ಡ್ಯೂಟಿ ಅಭ್ಯಾಸ ಕಣವ್ವ ಅದು. ಬಸ್ಸು ಕಂಡ್ರೆ ಒಳಕ್ಕೆ ಇಣುಕಿ ನೋಡೋದೇ" ಎಂದರು.

ನಾನು ವಿಷಯ ಬದಲಾಯಿಸಲು ಸಿ ಡಿಗಳ ಪಾಠ ತೆಗೆದೆ. ಸಿ ಯಾವತ್ತು ಬೇಕಾದರೂ ಕೆಡಬಹುದು, ಕೆಟ್ಟರೆ ಅಲ್ಲಿರುವುದೆಲ್ಲ ಹೋಗುತ್ತದೆ, ಡಿ ಭದ್ರ, ನಿಮ್ಮದು ಭದ್ರವಾಗಿರಲಿ ಅಂತಲೇ ಸಾಗಿಸಿದ್ದು ಎಂದು ಬಹಳ ಚೆನ್ನಾಗಿ ವಿವರಿಸಿದೆ. ಮಾವ ಗಮನವಿಟ್ಟು ಕೇಳಿದರು. ಮೊರವನ್ನು ಒಂದು ಸಲ ಅಲ್ಲಾಡಿಸಿ ಕೇಳಿದರು.

"ಅಂಗಾದ್ರೆ ನಿಂದೂ ಡಿಗೆ ಆಕಿದ್ದೀಯ?"

ಸುಳ್ಳು ಹೇಳಬಹುದಿತ್ತು. ಆದರೆ ನನಗೆ ಸೀಟು ಸಿಕ್ಕ ದಿನಗಳನ್ನು ಬರೆದಿಟ್ಟವರಿಗೆ ಹೇಗೆ ಹೇಳುವುದು? "ಇಲ್ಲ ಮಾವ. ನನ್ನದು ಸಿಯಲ್ಲೇ ಇದೆ. ನನಗೆ ಸರಿಯಾಗಿ ಮಾಡೋಕೆ ಬರ್ತಿರಲಿಲ್ಲ. ಅದಕ್ಕೇ ಮೊದಲು ನಿಮ್ಮದರ ಮೇಲೆ ಮಾಡಿ ನೋಡಿದೆ. ಹೋದರೂ ನಷ್ಟ ಇಲ್ಲ ಅಂದುಕೊಂಡೆ" ಎಂದುಬಿಟ್ಟೆ.

ಮಾವ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಒಳಗಿಂದ ಅತ್ತಿಗೆ ಸೌಟು ಹಿಡಿದುಕೊಂಡೇ ಈಚೆ ಬಂದರು. "ಸರ್ಯಾಗೇ ಮಾಡಿದ್ದೀಯ ಬುಡು" ಎಂದರು ಮಾವ ಕಣ್ಣೊರೆಸಿಕೊಳ್ಳುತ್ತಾ. "ಒಸ ಡ್ರೈವರ್‌ಗೆ ಡಿಪೋದಲ್ಲಿ ಮೊದ್ಲು ಅಳೇ ಬಸ್ಸೇ ಕೊಡೋದು ಕಣವ್ವ." ಊಟ ಮಾಡಿಕೊಂಡು, ಸುಲಿದ ಅವರೆಕಾಳಿನಲ್ಲಿ ಅರ್ಧವನ್ನು ಕಟ್ಟಿಸಿಕೊಂಡು, ಸಂಜೆಯ ಬಸ್ಸಿಗೆ ಇಬ್ಬರೂ ನಂಜನಗೂಡಿಗೆ ಬಂದೆವು. ಬಾಗಿಲಲ್ಲಿ ನಿಂತು ಹಾಲಿನಲ್ಲಿದ್ದ ಮಂಚವನ್ನು ನೋಡಿ, "ಸೋಫಾ ಎಲ್ಲಿ ಕೂರ್ತದೆ ಪಾಪ" ಎಂದರು.

ಆಮೇಲೆ ಪುಸ್ತಕ ತರಿಸಿ ಓದಿ, ಡಿಯಲ್ಲಿದ್ದ ಅವರ ಫೋಲ್ಡರಿಗೆ ಸರಿಯಾದ ದಾರಿ ತೋರಿಸಿಕೊಟ್ಟೆ. ಬಾತುಕೋಳಿಯನ್ನು ಒತ್ತಿದರೆ ಎಲ್ಲವೂ ಮೊದಲಿನ ಹಾಗೇ ಸಾಲಾಗಿ ಬರುತ್ತಿತ್ತು. ನನ್ನ ಫೋಲ್ಡರನ್ನು ಮುಂದಿನ ಭಾನುವಾರ ಸಾಗಿಸೋಣ ಎಂದುಕೊಂಡೆ. ಆ ಭಾನುವಾರ ಹಪ್ಪಳ ಇತ್ತು, ಅದರ ಮುಂದಿನದು ಮೌಲ್ಯಮಾಪನ, ಅದರ ಮುಂದಿನದು ಯಾರದೋ ಮದುವೆ. ಹೀಗೆ ಎರಡು ವರ್ಷವಾಯಿತು. ಒಂದು ಬೆಳಿಗ್ಗೆ ಕಂಪ್ಯೂಟರು ಕಪ್ಪು ಮುಖ ಮಾಡಿಕೊಂಡು ನಿಂತುಬಿಟ್ಟಿತು. ರಿಪೇರಿಯವನು ಬಂದು ನೋಡಿ, "ಸಿ ಪೂರ್ತಿ ಹೋಗಿದೆ ಮೇಡಂ, ಏನೂ ಉಳಿಯಲ್ಲ. ಡಿಯಲ್ಲಿ ಯಾರೋ ದೊಡ್ಡೋರ ಫೋಲ್ಡರ್ ಇದೆ, ಅದೊಂದು ಕ್ಷೇಮವಾಗಿದೆ" ಎಂದ.

ಸಿಯನ್ನು ಒರೆಸಿ, ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟು ಅವನು ಹೋದ ಮೇಲೆ ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ನನ್ನ ಇಷ್ಟು ವರ್ಷದ್ದೆಲ್ಲ ಹೋಯಿತು, ಎಷ್ಟು ಮುಖ್ಯವಾದದ್ದೆಲ್ಲ ಇತ್ತು ಎಂದು ಗೋಳಾಡಿದೆ. ಮಾವ ಮಂಚದಿಂದ ಎದ್ದು ಬಂದು ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. ಕನ್ನಡಕ ಏರಿಸಿ, ತೋರುಬೆರಳನ್ನು ಅಕ್ಷರಗಳ ಮೇಲೆ ಸಿದ್ಧವಾಗಿ ಹಿಡಿದರು.

"ಅಳಬ್ಯಾಡ ಮಗ. ಏನೇನ್ ಓಯ್ತು, ಒಂದೊಂದೇ ಯೋಳು. ನಾನು ಟೈಪ್ ಮಾಡ್ಕೊಡ್ತೀನಿ."

ನಾನು ಬಾಯಿ ತೆರೆದೆ. ಬಹಳ ಹೊತ್ತು ಯೋಚಿಸಿದೆ. ಮಾವನ ಬೆರಳು ಹಾಗೇ ಕಾಯುತ್ತಿತ್ತು. ನನಗೆ ಒಂದೂ ನೆನಪಾಗಲಿಲ್ಲ.