ಯಾಗ್ಲಿಕಾಳ ಮೂರನೆಯ ಪುಸ್ತಕದ ಬಿಡುಗಡೆ

ಸೆರ್ಬಿಯಾದ ವ್ರೆಲೊ ಪಟ್ಟಣದಲ್ಲಿ ಕವನ ಸಂಕಲನ ಬಿಡುಗಡೆಯಾಗುವಾಗ ಅದರ ಬಗ್ಗೆ ಕನಿಷ್ಠ ಮೂವರು ಮಾತನಾಡತಕ್ಕದ್ದು. ತದನಂತರ, ಸಮಯ ಉಳಿದಲ್ಲಿ, ಕವಿಯು ಒಂದು ಕವಿತೆ ಓದಬಹುದು. ಪುರಸಭಾ ಗ್ರಂಥಾಲಯದ ಈ ನಿಯಮದಿಂದ ಸಾಹಿತ್ಯಕ್ಕೆ ಬಹಳ ಉಪಕಾರವಾಗಿದೆ. ಸಮಯ ಮಾತ್ರ ಎಂದೂ ಉಳಿಯುತ್ತಿರಲಿಲ್ಲ.

ಕವಯಿತ್ರಿ ಯಾಗ್ಲಿಕಾ ತನ್ನ ಎರಡು ಸಂಕಲನಗಳ ಬಿಡುಗಡೆಯಲ್ಲೂ ಹಾಳೆ ಹಿಡಿದು ಕೂತು, ಹಾಗೇ ಎದ್ದು ಬಂದಿದ್ದಳು. ಹೀಗೆ ಆಕೆಯ ಹೆಸರು ಜಿಲ್ಲೆಯಲ್ಲೆಲ್ಲ ಹಬ್ಬಿತು. ಆದರೆ ಮೂರನೆಯದರಲ್ಲಿ ತನ್ನನ್ನು ಸಾಕಿದ ಸ್ತಾನಾ ಚಿಕ್ಕಮ್ಮನ ಮೇಲೊಂದು ಕವಿತೆಯಿತ್ತು. ಚಿಕ್ಕಮ್ಮನಿಗೆ ಕಣ್ಣು ಮಂಜು. ಕವಿತೆಯನ್ನು ಆಕೆಯ ಕಿವಿಗೆ ಹೇಗಾದರೂ ಹಾಕಬೇಕೆಂದು ಯಾಗ್ಲಿಕಾಳ ಜೀವ ಒದ್ದಾಡುತ್ತಿತ್ತು.

"ಇಲ್ಲೇ ಅಡುಗೆಮನೇಲಿ ಓದ್ಬಿಡ್ಲಾ ಚಿಕ್ಕಮ್ಮಾ?"

"ಇಲ್ಲಿ ಓದಿದ್ರೆ ಗೊಣಗಿದ ಹಾಗಿರುತ್ತೆ ಕಣೇ. ಸಭೇಲಿ ಓದು. ಪಕ್ಕದ್ಮನೆ ರೋಸಾ ಕೇಳಿ ಹೊಟ್ಟೆ ಉರ್ಕೊಳ್ಲಿ."

ಯಾಗ್ಲಿಕಾ ಗ್ರಂಥಾಲಯದ ನಿರ್ದೇಶಕ ಬುದಿಮಿರ್ ಅವರನ್ನು ಕಂಡು, ಐದೇ ನಿಮಿಷ ಕೊಡಿ ಎಂದು ಬೇಡಿಕೊಂಡಳು.

"ಖಂಡಿತ ಮೇಡಂ. ಭಾಷಣಗಳು ಚಿಕ್ಕದಾಗಿರ್ಬೇಕು ಅನ್ನೋದರ ಬಗ್ಗೆ ಮೊದಲಿಗೇ ಒಬ್ಬರ ಭಾಷಣ ಇಡಿಸಿದೀನಿ."

ಆ ಭಾಷಣ ಸುದೀರ್ಘವಾಗಿತ್ತು. ನಂತರದ ವಿಮರ್ಶಕರು ಕವಯಿತ್ರಿಯ ಅಲ್ಪವಿರಾಮಗಳಲ್ಲಿ ಇಡೀ ಬಾಲ್ಕನ್ ನಾಡಿನ ಹಣೆಬರಹ ಕಂಡರು. ಇನ್ನೊಬ್ಬರು, ನಿಷ್ಪಕ್ಷಪಾತವಾಗಿರುವ ಸಲುವಾಗಿ ಪುಸ್ತಕ ತೆರೆದಿಲ್ಲವೆಂದು ತಿಳಿಸಿ, ಅದನ್ನು ವಿವರವಾಗಿ ಮೆಚ್ಚಿದರು. ಪುರಸಭಾಧ್ಯಕ್ಷರು ಒಳಚರಂಡಿಯ ಪ್ರಗತಿ ತಿಳಿಸಿದರು. ಸಭೆಯ ಕಣ್ಣೆಲ್ಲ ಮೂಲೆಯ ಮೇಜಿನ ಮೇಲಿದ್ದ ಗಿಬಾನಿತ್ಸಾ ಎಂಬ ಚೀಸಿನ ತಿಂಡಿ, ಹಣ್ಣಿನ ಸಾರಾಯಿ ರಾಕಿಯಾದ ಶೀಷೆಗಳ ಕಡೆ ಹೊರಳಿತ್ತು.

ಆಗ, ನಡೆಯಬಾರದ್ದು ನಡೆದು, ಸಮಯ ಉಳಿಯಿತು. ಯಾಗ್ಲಿಕಾ ಹಾಳೆ ಹಿಡಿದು ಎದ್ದಳು. ಮುಂದಿನ ಸಾಲಿನಿಂದ ಚಿಕ್ಕಮ್ಮನೂ ಎದ್ದಳು.

"ನನ್ನ ಮೇಲೆ ಬರ್ದಿರೋದಲ್ವಾ, ನಂದೂ ಒಂದ್ಮಾತಿರ್ಲಿ," ಎಂದು ಮೈಕು ತೆಗೆದುಕೊಂಡಳು.

ಯಾಗ್ಲಿಕಾಗೆ ಮಂಗನಬಾವು ಬಂದದ್ದು, ಹಿಮದಲ್ಲಿ ಅವಳನ್ನು ಹೊತ್ತು ಡಾಕ್ಟರ ಮನೆಗೆ ಓಡಿದ್ದು, ರೋಸಾ ರಾಕಿಯಾ ಕಾಯಿಸುವ ಹಂಡೆ ಒಯ್ದು ಹಿಂದಿರುಗಿಸದಿರುವುದು, ಯಾವುದನ್ನೂ ಬಿಡಲಿಲ್ಲ. ಸಭೆ ನಕ್ಕಿತು, ಅತ್ತಿತು. ರೋಸಾ ಎದ್ದು ಹೋದಳು. ಸೆರ್ಬಿಯನ್ ಭಾಷೆಯಲ್ಲಿ ಇಂಥ ಕವಿತೆ ಇನ್ನೊಂದಿಲ್ಲವೆಂದು ಚಿಕ್ಕಮ್ಮ ಮುಗಿಸಿದಾಗ ಜನ ಚಪ್ಪಾಳೆ ತಟ್ಟುತ್ತಲೇ ಗಿಬಾನಿತ್ಸಾಗೆ ಮುಗಿಬಿದ್ದರು.

"ಕವಿತೆ ಕೇಳ್ಲೇ ಇಲ್ವಲ್ಲ ಚಿಕ್ಕಮ್ಮಾ."

"ಇಷ್ಟೊತ್ತು ಅದನ್ನೇ ತಾನೆ ಮಾತಾಡಿದ್ದು? ಬಹಳ ಚೆನ್ನಾಗಿ ಬರ್ದಿದೀಯ ಮಗಳೇ."

ಯಾಗ್ಲಿಕಾಳ ಕಣ್ಣು ತುಂಬಿತು. ಅವಳ ಕವಿತೆಯನ್ನು ಇಷ್ಟು ಮನಸಾರೆ ಯಾರೂ ಹೊಗಳಿರಲಿಲ್ಲ.

ಗ್ರಂಥಾಲಯವು ಸ್ತಾನಾ ಅವರನ್ನು ಕಾವ್ಯದ ಖಾಯಂ ಭಾಷಣಕಾರರನ್ನಾಗಿ ನೇಮಿಸಿದೆ. ನೆರೆಯ ಊರುಗಳಿಂದಲೂ ಕರೆ ಬರುತ್ತಿದೆ. ಮೊನ್ನೆ ನಿರ್ದೇಶಕರು ಯಾಗ್ಲಿಕಾಳನ್ನು ಬೀದಿಯಲ್ಲೇ ನಿಲ್ಲಿಸಿದರು.

"ನಾಲ್ಕನೇ ಸಂಕಲನ ಬೇಗ ತನ್ನಿ ಮೇಡಂ. ಚಿಕ್ಕಮ್ಮನವರ ಭಾಷಣ ಆಗಲೇ ಸಿದ್ಧವಾಗಿದೆಯಂತೆ."

ಯಾಗ್ಲಿಕಾ ಅವತ್ತೇ ಬರೆಯಲು ಕೂತಳು.