ಬಿಸಿಯಾಗುತ್ತಿದ್ದ ಭೂಮಿಗೆ ಹ್ಯಾಟು, ಫ್ರಾಕು, ಶೂಸು

ಕಟಕ್... ಕಟಕ್... ಕಟಕ್. ಕಣ್ಣು ಮುಚ್ಚಿದರೆ ಇಂದಿಗೂ ಆ ಸದ್ದು ಕೇಳುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ವಾಸ್ಕೋದ ನಮ್ಮ ಪುಟ್ಟ ಕನ್ನಡ ಶಾಲೆ, ಅದರ ಏಳನೇ ತರಗತಿ, ಮೇಲೆ ಸಿಮೆಂಟ್ ಶೀಟು, ಶೀಟಿನ ಕೆಳಗೆ ಒಂದೇ ಒಂದು ಸೀಲಿಂಗ್ ಫ್ಯಾನು. ಅದರ ಮೂರು ರೆಕ್ಕೆಗಳಲ್ಲಿ ಒಂದು ಸೊಟ್ಟ. ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸುತ್ತಿದ್ದ ಆ ಫ್ಯಾನಿನ ಸರಿಯಾಗಿ ಕೆಳಗೆ ನನ್ನ ಕುರ್ಚಿ. ಗಾಳಿ ನನಗೆ, ಸದ್ದು ಮಕ್ಕಳಿಗೆ. ಹಾಗೆ ಹಾಯಾಗಿ ಕುಳಿತು, ಬೆವರಿನಲ್ಲಿ ಮಿಂದಿದ್ದ ಮೂವತ್ತೆರಡು ಮಕ್ಕಳಿಗೆ ‘ಭೂಮಿ ಬಿಸಿಯಾಗುತ್ತಿದೆ, ಡಿಯರ್ ಚಿಲ್ಡ್ರನ್’ ಎಂದು ಮೊಟ್ಟಮೊದಲು ಸುದ್ದಿ ಮುಟ್ಟಿಸಿದವಳು ನಾನು. ಅವರು ‘ಹೌದಾ?’ ಎನ್ನುವ ಹಾಗೆ ನನ್ನ ಮುಖ ನೋಡಿದರು. ಪಾಪ, ಒಳ್ಳೆಯ ಮಕ್ಕಳು.

ಒಂದು ಕನ್ಫೆಶನ್ ಮಾಡಿಬಿಡುತ್ತೇನೆ. ಕಾನ್ವೆಂಟಿನಲ್ಲಿ ಓದಿದವರಿಗೆ ಅದರ ಅಭ್ಯಾಸವಿರುತ್ತದೆ. ನನಗೆ ಬರೆಯುವುದಕ್ಕಿಂತ ತಿದ್ದುವುದು ಇಷ್ಟ. ಕೆಂಪು ಶಾಯಿಯ ಪೆನ್ನು ಕೈಗೆ ಬಂದರೆ ಲಗ್ನಪತ್ರಿಕೆಯನ್ನೂ ಬಿಟ್ಟವಳಲ್ಲ. ನಮ್ಮ ಯಜಮಾನರು ಮದುವೆಗೆ ಮುಂಚೆ ಬರೆದ ಎರಡು ಪತ್ರಗಳನ್ನು ತಿದ್ದಿ ಅವರಿಗೇ ವಾಪಸು ಕಳಿಸಿದ್ದೆ. ಅಷ್ಟಾದರೂ ಅವರು ನನ್ನನ್ನು ಮದುವೆಯಾದರು. ಆದರೆ ಮುಂದೆ ಒಂದೂ ಪತ್ರ ಬರೆಯಲಿಲ್ಲ. ಈ ಕಾಯಿಲೆ ನನಗೆ ಹತ್ತಿದ್ದು ಬೆಳಗಾವಿಯಲ್ಲಿ, ಸಿಸ್ಟರ್ ಬೆನೆಡಿಕ್ಟಾ ಅವರಿಂದ. ‘ಗರ್ಲ್ಸ್, ಪ್ರಬಂಧವೆಂದರೆ ಒಬ್ಬ ಲೇಡಿ. ಹ್ಯಾಟು, ಫ್ರಾಕು, ಶೂಸು. ಮೂರರಲ್ಲಿ ಒಂದಿಲ್ಲದಿದ್ದರೂ ಅವಳು ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ’ ಎನ್ನುತ್ತಿದ್ದರು. ಹ್ಯಾಟು ಅಂದರೆ ಇಂಟ್ರೊಡಕ್ಷನ್, ಫ್ರಾಕು ಅಂದರೆ ವಿಷಯ, ಶೂಸು ಅಂದರೆ ಕನ್‌ಕ್ಲೂಷನ್. ಈ ಲೇಡಿಯನ್ನು ನಾನು ಜೋಪಾನವಾಗಿ ವಾಸ್ಕೋಗೆ ಕರೆತಂದು, ವಿಜಾಪುರ, ಗದಗ, ಬಾಗಲಕೋಟೆಗಳಿಂದ ಬಂದರಿನ ಕೂಲಿಗೆ ಬಂದವರ ಮಕ್ಕಳ ಮುಂದೆ ನಿಲ್ಲಿಸಿದ್ದೆ. ಅವರಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಚಪ್ಪಲಿಯೇ ಇರಲಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ಆ ವರ್ಷದ ಫೆಬ್ರವರಿಯಲ್ಲಿ ಪಣಜಿಯಿಂದ ಒಂದು ಸರ್ಕ್ಯುಲರ್ ಬಂತು. ಅಂತರಶಾಲಾ ಪ್ರಬಂಧ ಸ್ಪರ್ಧೆ, ಯಾವ ಭಾಷೆಯಲ್ಲಾದರೂ ಬರೆಯಬಹುದು, ವಿಷಯ: ಬಿಸಿಯೇರುತ್ತಿರುವ ಭೂಮಿ. ಪ್ರಥಮ ಬಂದವರಿಗೆ ಹತ್ತನೇ ತರಗತಿಯವರೆಗೆ ಮಡಗಾಂವಿನ ಒಂದು ಹಾಸ್ಟೆಲ್ಲಿನಲ್ಲಿ ಊಟ, ವಸತಿ, ಪಕ್ಕದ ಹೈಸ್ಕೂಲಿನಲ್ಲಿ ಸೀಟು. ಓದಿದ ಕೂಡಲೇ ನನ್ನ ಕಣ್ಣು ಎರಡನೇ ಸಾಲಿನ ನೀಲವ್ವನ ಮೇಲೆ ಬಿತ್ತು. ಆಕೆಯ ತಾಯಿ ಸಂಗವ್ವ ಬೀಚಿನಲ್ಲಿ ಚಾದರ ಹಾಸಿ ಮಣಿಸರ, ಕನ್ನಡಿ ಕಸೂತಿಯ ಚೀಲ ಮಾರುವವಳು. ತಂದೆ ಬಂದರಿನಲ್ಲಿ ಹಮಾಲಿ. ಮಳೆಗಾಲದಲ್ಲಿ ಬೀಚೂ ಇಲ್ಲ, ಹಮಾಲಿಯೂ ಇಲ್ಲ. ಹಾಗಾಗಿ ಮೇ ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದರೆ ತಿರುಗಿ ಬರುವುದು ದಸರೆ ಕಳೆದ ಮೇಲೆ. ಪ್ರತಿವರ್ಷ ನಾಲ್ಕು ತಿಂಗಳ ಪಾಠ ಮುಗಿದಿರುವಾಗ ನೀಲವ್ವ ಏನೂ ಆಗದವಳ ಹಾಗೆ ಬಂದು ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ನಾವು ನಡೆಸಿಕೊಂಡೆವು, ಆದರೆ ದಸರೆಗೆ ಬರುವ ಹುಡುಗಿಗೆ ಯಾವ ಹೈಸ್ಕೂಲಿನಲ್ಲಿ ಸೀಟು ಕಾದಿರುತ್ತದೆ? ಟೀಚರಿಗೆ ‘ಬಾಯಾರ’ ಎನ್ನುತ್ತಿದ್ದ ಸಂಗವ್ವ ನನಗೆ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು: ‘ಬಾಯಾರ, ಏಳನೇತ್ತ ಮುಗದ್ರ ಸಾಕ್ರಿ. ಮುಂದಿನ ಸೀಸನ್ನಿಗೆ ನನ್ನ ಜೋಡಿ ಬೀಚಿಗೆ ಬರತಾಳ.’ ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಮಣಿಸರ. ನನಗೆ ರಾತ್ರೋರಾತ್ರಿ ಇಪ್ಪತ್ತು ವರ್ಷ ಕಡಿಮೆಯಾದಂತೆ ಉತ್ಸಾಹ ಬಂದುಬಿಟ್ಟಿತು.

ಒಂದೇ ತೊಂದರೆ. ಭೂಮಿ ಏಕೆ ಬಿಸಿಯಾಗುತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮ ಶಾಲೆಯ ಲೈಬ್ರರಿ ಎಂದರೆ ಒಂದು ಕಪಾಟು, ಅದರ ಕೀಲಿ ಕಳೆದು ಮೂರು ವರ್ಷವಾಗಿತ್ತು. ಅದೃಷ್ಟವಶಾತ್ ಆ ವಾರವೇ ನನ್ನ ದವಡೆಹಲ್ಲು ನೋಯತೊಡಗಿತು. ದಂತವೈದ್ಯರ ವೇಟಿಂಗ್ ರೂಮಿನಲ್ಲಿ ಒಂದು ಇಂಗ್ಲಿಷ್ ಮ್ಯಾಗಜೀನು, ಅದರಲ್ಲಿ ಬೇಕಾದ ಲೇಖನವೇ! ಕೇಳಿದ್ದರೆ ಕೊಡುತ್ತಿದ್ದರೇನೋ. ಆದರೆ ನಾನು ಜೋರಾಗಿ ಕೆಮ್ಮಿದೆ, ಕೆಮ್ಮಿನ ಮರೆಯಲ್ಲಿ ಎರಡು ಹಾಳೆ ಹರಿದು ಪರ್ಸಿಗೆ ಸೇರಿಸಿದೆ. ಮನೆಗೆ ಬಂದು ಓದಿದರೆ ಲೇಖನದ ಕೊನೆಯಲ್ಲಿ ‘ಮುಂದುವರಿದ ಭಾಗ ಐವತ್ತೆಂಟನೇ ಪುಟದಲ್ಲಿ’ ಎಂದಿತ್ತು. ಸಮಸ್ಯೆಯೆಲ್ಲ ನನ್ನ ಪರ್ಸಿನಲ್ಲಿ, ಪರಿಹಾರವೆಲ್ಲ ದಂತವೈದ್ಯರ ಬಳಿ. ಆ ಪರಿಹಾರವನ್ನು ನಾನೇ ಹೊಲಿದುಕೊಂಡೆ: ‘ಆದ್ದರಿಂದ ನಾವೆಲ್ಲರೂ ಗಿಡ ನೆಡೋಣ, ಭೂಮಿತಾಯಿಯನ್ನು ತಂಪಾಗಿಡೋಣ.’ ಶೂಸು ರೆಡಿ.

ಮರುದಿನ ಕ್ಲಾಸಿನಲ್ಲಿ ಗ್ರೀನ್‌ಹೌಸ್ ವಿವರಿಸಲು ಹೊರಟೆ. ‘ಗಾಜಿನ ಮನೆ ನೋಡಿದ್ದೀರಾ?’ ಯಾರೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದೆ. ಅದು ಶಿಲುಬೆಯಿಲ್ಲದ ಇಗರ್ಜಿಯ ಹಾಗೆ ಕಂಡಿತು. ಆಗ ನೀಲವ್ವ ಎದ್ದು ನಿಂತಳು. ‘ಟೀಚರ್, ನಮ್ಮ ಶೆಡ್ಡಿನ್ಯಾಗ ಹಿಂಗ ಆಗತೈತ್ರಿ. ಮ್ಯಾಲ ನೀಲಿ ಪ್ಲಾಸ್ಟಿಕ್ ಹಾಕೇವ್ರಿ. ಬಿಸಲ ಒಳಗ ಬರತೈತಿ, ಬಂದ ಝಳ ಹೊರಗ ಹೋಗಂಗಿಲ್ಲ. ನಮ್ಮವ್ವ ಅಂತಾಳ, ರೊಟ್ಟಿಗೆ ಒಲೀನ ಬ್ಯಾಡ ಅಂತ.’ ನಾನು ಕುರ್ಚಿಯಿಂದ ಎಷ್ಟು ರಭಸವಾಗಿ ಎದ್ದೆನೆಂದರೆ ಚಾಕ್‌ಪೀಸು ಎರಡು ತುಂಡಾಯಿತು. ‘ಎಕ್ಸಲೆಂಟ್! ಭೂಮಿಗೂ ಅಂಥದ್ದೇ ಒಂದು ಪ್ಲಾಸ್ಟಿಕ್ ಹೊದಿಸಿದ್ದೇವೆ!’ ಎಂದು ಕೂಗಿದೆ. ಪಕ್ಕದ ಆರನೇ ತರಗತಿಯವರು ಕಿಟಕಿಯಲ್ಲಿ ಇಣುಕಿದರು. ಅಂಥ ಕ್ಷಣ ಒಬ್ಬ ಟೀಚರ್ ಜೀವನದಲ್ಲಿ ನಾಲ್ಕೈದು ಸಲ ಬಂದರೆ ಹೆಚ್ಚು. ಜಾಣರು ಆ ಕ್ಷಣದಲ್ಲೇ ಪಾಠ ನಿಲ್ಲಿಸುತ್ತಾರೆ. ನಾನು ಬೋರ್ಡು ಒರೆಸಿ ಮಾದರಿ ಪ್ರಬಂಧ ಬರೆಯತೊಡಗಿದೆ.

ನಮ್ಮ ಶಾಲೆಯಲ್ಲಿ ಪ್ರಬಂಧ ಕಲಿಸುವ ಪದ್ಧತಿಯೇ ಅದು. ಟೀಚರ್ ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಬಾಯಿಪಾಠ ಮಾಡುವುದು. ಹ್ಯಾಟು ಚೆನ್ನಾಗಿರಲಿ ಎಂದು ನಾನು ಹೀಗೆ ಶುರು ಮಾಡಿದ್ದೆ: ‘ಕಳೆದ ವರ್ಷ ನಾನು ಹಿಮಾಲಯಕ್ಕೆ ಹೋದಾಗ ಕರಗುತ್ತಿರುವ ಹಿಮವನ್ನು ಕಂಡು ಕಣ್ಣೀರಿಟ್ಟೆನು.’ ಸೋಮವಾರ ಮೂವತ್ತೆರಡು ಪ್ರಬಂಧ ಕೈಗೆ ಬಂದವು. ಮೂವತ್ತೊಂದು ಮಕ್ಕಳು ಕಳೆದ ವರ್ಷ ಹಿಮಾಲಯಕ್ಕೆ ಹೋಗಿ ಕಣ್ಣೀರಿಟ್ಟಿದ್ದರು. ಊರಿನ ರೈಲು ಬಿಟ್ಟರೆ ಬೇರೆ ರೈಲು ಹತ್ತದ ಮಕ್ಕಳು!

ಮೂವತ್ತೆರಡನೆಯದು ನೀಲವ್ವನದು. ಅದಕ್ಕೆ ಹ್ಯಾಟೂ ಇರಲಿಲ್ಲ, ಶೂಸೂ ಇರಲಿಲ್ಲ. ‘ನಾವು ಮೊದಲ ವರ್ಷ ಬಂದಾಗ ನಮ್ಮವ್ವ ಬಾಗಿದ ತೆಂಗಿನ ಮರದಿಂದ ಮುಂದೆ ಚಾದರ ಹಾಸುತ್ತಿದ್ದಳು. ಅಲ್ಲಿಂದ ನೀರಿಗೆ ನಾನು ಓಡಿ ಹೋಗಿ ಬರುವುದರಲ್ಲಿ ದಮ್ಮು ಹತ್ತುತ್ತಿತ್ತು. ಈಗ ಮರದ ಬುಡಕ್ಕೇ ಹಾಸುತ್ತಾಳೆ. ಸಮುದ್ರಕ್ಕೆ ಭರತ ಬಂದು ನೀರೇರಿದರೆ ಮಣಿ ತೊಯ್ಯುತ್ತವೆ. ಮಧ್ಯಾಹ್ನ ಮರಳು ಕಾಯುತ್ತದೆ. ನಮ್ಮವ್ವ ಒಂದು ಕಾಲು ಎತ್ತಿ ಒಂದು ಕಾಲ ಮೇಲೆ ನಿಂತು ಗಿರಾಕಿಯ ಜೊತೆ ನಗುತ್ತಾ ಮಾತಾಡುತ್ತಾಳೆ’ ಎಂದಿತ್ತು. ಅಷ್ಟೇ. ಓದಿ ನನ್ನ ಮೈ ಜುಮ್ಮೆಂದಿತು. ವಂಡರ್‌ಫುಲ್ ಎಂದುಕೊಂಡೆ. ಎಂದುಕೊಳ್ಳುತ್ತಲೇ ಕೆಂಪು ಪೆನ್ನಿನ ಕ್ಯಾಪು ತೆಗೆದೆ. ಇಷ್ಟು ಒಳ್ಳೆಯ ಹುಡುಗಿ ಹೀಗೆ ಬರಿಗಾಲಿನಲ್ಲಿ ಪಣಜಿಗೆ ಹೋಗುವುದೇ? ಒಂದು ಗಂಟೆಯಲ್ಲಿ ಹಿಮಾಲಯ ಬಂತು, ಕಣ್ಣೀರು ಬಂತು, ಗಿಡ ನೆಡೋಣವೂ ಬಂತು. ಜಾಗ ಸಾಲದೆ ಚಾದರ ಹೋಯಿತು. ನೀಲವ್ವ ದುಂಡಗೆ ನಕಲು ಮಾಡಿಕೊಟ್ಟಳು. ಕೊಡುವಾಗ ಒಂದೇ ಮಾತು ಕೇಳಿದಳು: ‘ಟೀಚರ್, ಇದರಾಗ ನಮ್ಮವ್ವ ಎಲ್ಲಿ ಹೋದ್ಳ್ರಿ?’

‘ಇದ್ದಾಳಲ್ಲಮ್ಮ, ಕೊನೆಯಲ್ಲಿ! “ನಾವೆಲ್ಲರೂ” ಅಂದರೆ ಅದರಲ್ಲಿ ನಿಮ್ಮವ್ವನೂ ಬಂದಳು’ ಎಂದೆ.

ಅರ್ಜಿಗೆ ಪಾಲಕರ ಹೆಬ್ಬೆಟ್ಟು ಬೇಕಿತ್ತು. ಕೊನೆಯ ದಿನಾಂಕಕ್ಕೆ ಮುಂಚಿನ ಭಾನುವಾರ ನೀಲವ್ವನನ್ನು ಕರೆದುಕೊಂಡು ಬಸ್ಸು ಹತ್ತಿ ಬೀಚಿಗೆ ಹೋದೆ. ಸಂಗವ್ವ ಬಾಗಿದ ಮರದ ಬುಡದಲ್ಲಿ ಕೂತು ಒಬ್ಬ ಬಿಳಿಯ ಹೆಂಗಸಿಗೆ ‘ಲುಕಿಂಗ್ ಫ್ರೀ ಮೇಡಂ, ಒರಿಜಿನಲ್ ಹವಳ’ ಎನ್ನುತ್ತಿದ್ದಳು. ಆಕೆ ಹೋದ ಮೇಲೆ ನನಗೆ ಚಾದರದ ಒಂದು ಮೂಲೆ ಬಿಟ್ಟುಕೊಟ್ಟಳು. ‘ಬರ್ರಿ ಬಾಯಾರ, ಕುಂದರ್ರಿ. ಏನ್ ಬರದಾಳ ಓದ್ರಿ, ಕೇಳೋಣು.’ ನಾನು ಹಿಮಾಲಯದಿಂದ ಆರಂಭಿಸಿ ಏರಿಳಿತದೊಂದಿಗೆ ಓದಿದೆ. ಆಕೆ ಮಣಿ ಪೋಣಿಸುತ್ತಾ ಕೇಳಿದಳು.

‘ಭಾಳ ಚಲೋ ಐತ್ರಿ. ಯಾರ್ ಬರದದ್ದು?’

‘ನಿಮ್ಮ ಮಗಳೇ, ಸಂಗವ್ವ.’

‘ಈಕಿ? ಈಕಿ ಯಾವಾಗ ಹೋಗಿದ್ಳ್ರಿ ಹಿಮಾಲಯಕ್ಕ? ಸಂತಿಗೆ ಹೋದ್ರ ನನ್ನ ಸೆರಗ ಬಿಡಂಗಿಲ್ಲ.’

ನೀಲವ್ವ ನೆಲ ನೋಡುತ್ತಾ ತನ್ನ ಚೀಲದಿಂದ ಹಳೆಯ ಹಾಳೆ ತೆಗೆದು ನನ್ನ ಕೈಗಿಟ್ಟಳು. ಕೆಂಪು ಗೆರೆಗಳ ನಡುವೆ ದಾರಿ ಹುಡುಕುತ್ತಾ ಅದನ್ನೂ ಓದಿದೆ. ಸಂಗವ್ವನ ಕೈ ನಿಂತಿತು. ಒಂದು ಕಾಲ ಮೇಲೆ ನಿಲ್ಲುವ ಜಾಗ ಬಂದಾಗ ಆಕೆ ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟು, ‘ಅಯ್ಯ, ಇದನ್ನೂ ನೋಡೀದೇನ್ ಹುಚ್ಚಿ!’ ಎಂದು ಬಿದ್ದು ಬಿದ್ದು ನಕ್ಕಳು. ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ‘ಸಿಟ್ಟ್ ಆಗಬ್ಯಾಡ್ರಿ ಬಾಯಾರ. ಇವು ಪ್ಲಾಸ್ಟಿಕ್ ಮಣಿ. ನಾ ಹವಳ ಅಂತ ಮಾರತೀನಿ. ಗಿರಾಕಿ ತೊಗೋತಾರ, ಆದ್ರ ಎರಡನೇ ಸಲ ಬರಂಗಿಲ್ಲ. ನಿಮ್ಮ ಹಿಮಾಲಯನೂ ಹಂಗ ಐತ್ರಿ.’

ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾವ ಇನ್‌ಸ್ಪೆಕ್ಟರೂ ನನಗೆ ಇಷ್ಟು ಚುಟುಕಾಗಿ ರಿಪೋರ್ಟು ಕೊಟ್ಟಿರಲಿಲ್ಲ. ಮೊದಲು ಉರಿಯಿತು. ಆಮೇಲೆ, ದೇವರಾಣೆ, ಅದೇ ಚಾಕ್‌ಪೀಸು ಮುರಿದ ದಿನದ ಖುಷಿ ಮತ್ತೆ ಬಂತು. ಪರ್ಸಿನಲ್ಲಿ ಒಂದು ಬಿಳಿ ಹಾಳೆಯಿತ್ತು. ಅಲ್ಲೇ, ಮಣಿಗಳನ್ನು ಪಕ್ಕಕ್ಕೆ ಸರಿಸಿ, ನೀಲವ್ವ ಚಾದರದ ಮೇಲೆ ಬೋರಲಾಗಿ ಮಲಗಿ ಹೊಸದಾಗಿ ಬರೆಯತೊಡಗಿದಳು. ಎಡಿಟರ್ ಸಂಗವ್ವ. ‘ಮೊದಲನೇ ವರ್ಷ ಅಲ್ಲ, ಎರಡನೇ ವರ್ಷದ ತನಕಾ ಮುಂದ ಇದ್ವಿ. ಖರೇ ಬರಿ.’ ‘ಸಮುದ್ರ ಮ್ಯಾಲ ಬಂತೋ, ಶ್ಯಾಕ್ ಹೋಟೆಲಿನವರ ಕುರ್ಚಿ ಕೆಳಗ ಇಳದ್ವೋ, ದೇವರಿಗೆ ಗೊತ್ತು. ನಮಗ ಜಾಗಾ ಕಡಿಮಿ ಆಗೇತಿ ಅಂತ ಬರಿ, ಅದು ನಮಗ ಗೊತ್ತೈತಿ.’ ನನಗೆ ಬಾಯಿ ತೆರೆಯುವ ಅಧಿಕಾರವಿರಲಿಲ್ಲ. ಕೆಂಪು ಪೆನ್ನನ್ನು ಸಂಗವ್ವ ‘ಇಲ್ಲೆ ಕೊಡ್ರಿ’ ಎಂದು ಇಸಿದುಕೊಂಡು ಮಣಿಗಳ ಡಬ್ಬಿಗೆ ಹಾಕಿಬಿಟ್ಟಿದ್ದಳು. ಬರೆದು ಮುಗಿದ ಮೇಲೆ ಅರ್ಜಿಗೆ ಹೆಬ್ಬೆಟ್ಟನ್ನೂ ಒತ್ತಿಕೊಟ್ಟಳು.

ಮರುದಿನ ನಾನೇ ಲಕೋಟೆ ಹಿಡಿದು ಪಣಜಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಳ್ಳೆಯವಳಾಗಿಯೇ ಕುಳಿತಿದ್ದೆ. ಝುವಾರಿ ಸೇತುವೆ ದಾಟುವಾಗ ಸಿಸ್ಟರ್ ಬೆನೆಡಿಕ್ಟಾ ನೆನಪಾದರು. ಹ್ಯಾಟು ಹೋಗಲಿ, ಆದರೆ ಶೂಸು? ಲಕೋಟೆಗೆ ಇನ್ನೂ ಗೋಂದು ಹಚ್ಚಿರಲಿಲ್ಲ. ನೀಲಿ ಪೆನ್ನು ತೆಗೆದೆ. ಬಸ್ಸಿನ ಕುಲುಕಾಟದಲ್ಲಿ, ಕೊನೆಯಲ್ಲಿ, ಆದಷ್ಟು ದುಂಡಗೆ ಒಂದು ಸಾಲು ಸೇರಿಸಿದೆ: ‘ಆದ್ದರಿಂದ ನಾವೆಲ್ಲರೂ ಗಿಡ ನೆಡೋಣ.’

ಫಲಿತಾಂಶ ಬರುವವರೆಗಿನ ಮೂರು ವಾರ ನಾನು ಪಟ್ಟ ಪಾಡು ಹೇಳುವುದೇ ಬೇಡ. ಕೈಬರಹ ಬೇರೆ ಎಂದು ಪ್ರಬಂಧವನ್ನೇ ತಳ್ಳಿಹಾಕಿದರೆ? ಒಂದು ಸಾಲಿನ ಚಪಲಕ್ಕೆ ಹುಡುಗಿಯ ಮೂರು ವರ್ಷದ ಓದು! ಫ್ಯಾನಿನ ಕೆಳಗೆ ಕುಳಿತೂ ಬೆವರುತ್ತಿದ್ದೆ. ಕಟಕ್ ಕಟಕ್ ಎನ್ನುವುದು ‘ತಪ್ಪು ತಪ್ಪು’ ಎಂದಂತೆ ಕೇಳುತ್ತಿತ್ತು. ಕೊನೆಗೆ ಲಕೋಟೆ ಬಂತು. ನೀಲವ್ವನ ಪ್ರಬಂಧದಲ್ಲಿ ಒಂದೇ ಒಂದು ಕಡೆ ಕೆಂಪು ಗೆರೆ, ನನ್ನ ಸಾಲಿನ ಮೇಲೆ, ಎರಡು ಸಲ ಹೊಡೆದದ್ದು. ಕೆಳಗೆ ಪರೀಕ್ಷಕರ ಷರಾ: ‘ಕೊನೆಯ ಸಾಲನ್ನು ಹೊರತುಪಡಿಸಿ, ಪ್ರಥಮ.’ ನಾನು ಸ್ಟಾಫ್ ರೂಮಿನಲ್ಲಿ ಕುಣಿದೆ ಎಂದು ಹೆಡ್ಮಾಸ್ತರು ಮುಂದೆ ಎಷ್ಟೋ ವರ್ಷ ಹೇಳುತ್ತಿದ್ದರು. ಸುಳ್ಳು. ಕುಣಿದದ್ದು ವರಾಂಡದಲ್ಲಿ.

ನೀಲವ್ವನನ್ನು ನಾನು ಕೊನೆಯ ಸಲ ನೋಡಿದ್ದು ಅವಳು ಹತ್ತನೇ ತರಗತಿಯ ಪರೀಕ್ಷೆ ಬರೆದ ಏಪ್ರಿಲ್‌ನಲ್ಲಿ. ಹೇಗೆ ಬರೆದಳೋ ಕೇಳೋಣವೆಂದು ಬಿಸಿಲ ಹೊತ್ತಿನಲ್ಲೇ ಬೀಚಿಗೆ ಹೋದೆ. ಬಾಗಿದ ತೆಂಗಿನ ಮರ ಯಾವುದೋ ಮಳೆಯಲ್ಲಿ ಬಿದ್ದುಹೋಗಿತ್ತು. ಸಂಗವ್ವನ ಚಾದರ ಬಸ್ಸು ತಿರುಗುವ ರಸ್ತೆಯ ಅಂಚಿಗೆ ಬಂದಿತ್ತು. ಹಾಗೆಂದು ಗೊತ್ತಿಲ್ಲದೆ ಮರಳಿಗಿಳಿದು ಹುಡುಕಿದವಳು ನಾನು. ಅರ್ಧ ದಾರಿಯಲ್ಲಿ ನನ್ನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಕಾದ ಮರಳಿನಲ್ಲಿ ಹುಲ್ಲಿನ ಹ್ಯಾಟಿನ, ಕಾಟನ್ ಸೀರೆಯ ಒಬ್ಬ ರಿಟೈರ್ಡ್ ಟೀಚರ್ ಒಂದು ಕಾಲೆತ್ತಿ ಇನ್ನೊಂದರ ಮೇಲೆ ಕುಪ್ಪಳಿಸುತ್ತಿರುವುದನ್ನು ರಸ್ತೆಯಿಂದ ತಾಯಿಮಗಳು ನೋಡಿದರು. ನೀಲವ್ವ ಓಡಿಬಂದಳು, ಎತ್ತರವಾಗಿದ್ದಳು. ‘ಟೀಚರ್, ಹ್ಯಾಟ್ ಐತಿ, ಫ್ರಾಕಿನ ಬದಲಿ ಸೀರಿನೂ ಐತಿ. ಶೂಸ್ ಎಲ್ಲೆ ಬಿಟ್ರಿ?’ ಎಂದು ಕೇಳಿ ನಗು ತಡೆಯಲಾರದೆ ಅಲ್ಲೇ ಕುಳಿತುಬಿಟ್ಟಳು. ಆಮೇಲೆ ತನ್ನ ರಬ್ಬರ್ ಚಪ್ಪಲಿ ಬಿಚ್ಚಿ ನನ್ನ ಕಾಲಿನ ಮುಂದೆ ಇಟ್ಟಳು. ಪರೀಕ್ಷೆ ಚಲೋ ಆಗಿತ್ತಂತೆ. ಊರ ಕಡೆ ನರ್ಸಿಂಗ್ ಕಲಿಯುವ ಯೋಚನೆಯಂತೆ. ಅವಳ ಚಪ್ಪಲಿ ಮೆಟ್ಟಿಕೊಂಡೇ ನಾನು ಹತ್ತಿದ ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ನಾನು ಕೂಗಿದೆ: ‘ನೀಲಾ, ಚೆನ್ನಾಗಿ ಓದು, ನೀರು ಕುಡಿ, ಛತ್ರಿ ಮರೆಯಬೇಡ, ಆದ್ದರಿಂದ...’ ಅವಳು ಕಾದ ರಸ್ತೆಯಂಚಿನಲ್ಲಿ ಬರಿಗಾಲಿನಲ್ಲಿ, ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಎತ್ತುತ್ತಾ, ಅವರವ್ವನ ಹಾಗೆಯೇ ನಗುತ್ತಾ ಕೈ ಬೀಸುತ್ತಿದ್ದಳು. ನನ್ನ ಕೊನೆಯ ಸಾಲು ಬಸ್ಸಿನ ಸದ್ದಿನಲ್ಲಿ ಹೋಯಿತು. ನಷ್ಟವೇನಿಲ್ಲ. ಅದನ್ನು ಹೊರತುಪಡಿಸಿಯೇ ತಾನೇ ಅವಳು ಪ್ರಥಮ ಬಂದದ್ದು.