ಮುಚ್ಚಳದ ಕೆಳಗಿನ ಹನ್ನೊಂದು ನಿಮಿಷ

ಈ ಪುಟ್ಟ ಲ್ಯಾಪ್‌ಟಾಪನ್ನು ಮುಚ್ಚಳ ಮುಚ್ಚಿಯೇ ದುಡಿಸುತ್ತೇನೆ, ಒಂದೇ ಒಂದು ಡಿಗ್ರಿ ಬಿಸಿಯಾಗಲೂ ಬಿಡುವುದಿಲ್ಲ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ ಇದ್ದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಘೋಷಣೆಗಳು ಅವಳಿಗೆ ಅಷ್ಟು ಒಗ್ಗಿಹೋಗಿವೆ.

ನಿನಗೇನಪ್ಪ ಅಷ್ಟು ಅರ್ಹತೆ ಎಂದು ನೀವು ಕೇಳಬಹುದು. ಸ್ವಾಮಿ, ನಾನು ಫ್ರಿಜ್ ತಯಾರಿಸುವ ಕಂಪನಿಯ ದೂರು ವಿಭಾಗದವನು! ಫ್ರಿಜ್ ತಣ್ಣಗಾಗುತ್ತಿಲ್ಲ ಎಂದು ದಿನಕ್ಕೆ ನಲವತ್ತು ಜನ ಫೋನಿನಲ್ಲಿ ನನ್ನ ಮೇಲೆ ಹರಿಹಾಯುತ್ತಾರೆ. ತಂಪಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಬೇಕು.

ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಅಂಗೈಯಗಲದ ಪರದೆಯನ್ನು ಬಗ್ಗಿ ನೋಡಿ ನೋಡಿ ಕತ್ತು ಹಿಡಿದುಕೊಂಡಿತ್ತು. ದೊಡ್ಡ ಪರದೆಯೊಂದನ್ನು ತಂದು ಜೋಡಿಸಿದೆ. ಆದರೆ ಮುಚ್ಚಳ ಮುಚ್ಚಿದೊಡನೆ ಲ್ಯಾಪ್‌ಟಾಪ್ ನಿದ್ದೆಹೋಗುತ್ತಿತ್ತು. ಸೆಟ್ಟಿಂಗ್ಸ್ ಹೊಕ್ಕು ನೋಡಿದರೆ, ಮುಚ್ಚಳ ಮುಚ್ಚಿದಾಗ ನಾನೇನು ಮಾಡಲಿ ಎಂದು ಅದೇ ವಿನಯದಿಂದ ಕೇಳುತ್ತಿದೆ! ‘ಏನೂ ಮಾಡಬೇಡ’ ಎಂದು ಅಪ್ಪಣೆ ಕೊಟ್ಟೆ. ಅಂದರೆ, ಮುಚ್ಚಿದರೂ ಮಲಗದೆ ಇದ್ದ ಕೆಲಸ ಮುಂದುವರಿಸು ಎಂದರ್ಥ. ನಮ್ಮ ಮನೆಯಲ್ಲಿ ನನ್ನ ಮಾತನ್ನು ಮರುಮಾತಿಲ್ಲದೆ ಕೇಳಿದ್ದು ಅದೊಂದೇ.

ಇನ್ನು ಬಿಸಿಯ ಸಮಾಚಾರ. ಮಲಗಿಸಿಟ್ಟರೆ ಅದರ ಹೊಟ್ಟೆ ಕಾಯುತ್ತದೆ, ನಿಲ್ಲಿಸಿಟ್ಟರೆ ಎರಡೂ ಕಡೆ ಗಾಳಿ. ಅಡುಗೆಮನೆಯಿಂದ ತಟ್ಟೆ ಸ್ಟ್ಯಾಂಡ್ ಎತ್ತಿಕೊಂಡು ಬಂದು, ತಟ್ಟೆ ನಿಲ್ಲುವ ಸಂದಿಯಲ್ಲಿ ಲ್ಯಾಪ್‌ಟಾಪನ್ನು ನಿಲ್ಲಿಸಿದೆ. ಪಕ್ಕಕ್ಕೊಂದು ಟೇಬಲ್ ಫ್ಯಾನ್. ಹತ್ತು ನಿಮಿಷಕ್ಕೊಮ್ಮೆ ಮುಂಗೈ ತಾಗಿಸಿ ನೋಡುತ್ತಿದ್ದೆ. ಅನುಮಾನ ಬಂದರೆ ಜ್ವರ ನೋಡುವ ಥರ್ಮಾಮೀಟರನ್ನೂ ಒತ್ತಿ ಹಿಡಿಯುತ್ತಿದ್ದೆ.

“ನಂಗೆ ಜ್ವರ ಬಂದಾಗ ಇಷ್ಟು ಸಲ ಹಣೆ ಮುಟ್ಟಿದ್ರಾ?” ಎಂದಳು ಹೆಂಡತಿ, ತೊಳೆದ ತಟ್ಟೆಗಳನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು.

ನಾನು ಫ್ಯಾನನ್ನು ಇನ್ನಷ್ಟು ಜೋರು ಮಾಡಿದೆ.

ಎರಡು ವಾರ ಎಲ್ಲ ಸುಸೂತ್ರ. ಅಷ್ಟರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾದರು. ಆ ಕುರ್ಚಿಗೆ ಇಬ್ಬರ ಹೆಸರು ಕೇಳಿಬಂತು. ಒಂದು ನನ್ನದು. ಇನ್ನೊಂದು, ಯಾರು ಏನೇ ಹೇಳಿದರೂ ‘ಆಗಲಿ ಸರ್’ ಎನ್ನುವುದರಿಂದ ಅದೇ ಅಡ್ಡಹೆಸರು ಪಡೆದ ನನ್ನ ಸಹೋದ್ಯೋಗಿಯದು. ಹನ್ನೆರಡು ವರ್ಷ ಜನರಿಂದ ಬೈಸಿಕೊಂಡಿದ್ದ ನನಗೆ ಆ ಕುರ್ಚಿ ಬೇಕೇ ಬೇಕಿತ್ತು. ಹೊರಗೆ ತೋರಿಸಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ, ಆ ಕುರ್ಚಿ ಯಾರಿಗೆಂದು ತೀರ್ಮಾನಿಸಬೇಕಿದ್ದ ಮ್ಯಾನೇಜರ್ ಇಡೀ ವಿಭಾಗವನ್ನು ವಿಡಿಯೊ ಮೀಟಿಂಗಿಗೆ ಕರೆದರು. ಕ್ಯಾಮೆರಾ ಇರುವುದು ಮುಚ್ಚಳದ ಒಳಗೆ. ಹಾಗಾಗಿ ಲ್ಯಾಪ್‌ಟಾಪನ್ನು ಸ್ಟ್ಯಾಂಡಿನಿಂದ ಬಿಡಿಸಿ, ಸೋಫಾದ ಮೇಲೆ ಕೂತು, ಮೈಕ್ ಇರುವ ಹೆಡ್‌ಫೋನ್ ಹಾಕಿಕೊಂಡೆ. ಮೀಟಿಂಗ್ ರೆಕಾರ್ಡ್ ಆಗುತ್ತಿದೆ ಎಂದು ಮ್ಯಾನೇಜರ್ ಮೊದಲೇ ಹೇಳಿದರು. ನನ್ನ ಸರದಿ ಬಂದಾಗ ವಿನಯದ ಮಳೆಯನ್ನೇ ಸುರಿಸಿದೆ. ಮ್ಯಾನೇಜರ್ ನನ್ನ ಗುರುಸಮಾನರು ಎಂದೆ. ‘ಆಗಲಿ ಸರ್’ ನನ್ನ ಒಡಹುಟ್ಟಿದ ತಮ್ಮನಂತೆ ಎಂದೆ. ಕುರ್ಚಿ ಯಾರಿಗೆ ಸಿಕ್ಕರೂ ನನಗೆ ಸಂತೋಷವೇ ಎಂದೂ ಬಿಟ್ಟೆ! ನಿಮ್ಮದು ಮುಗಿಯಿತು, ನೀವಿನ್ನು ಹೊರಡಬಹುದು ಎಂದರು ಮ್ಯಾನೇಜರ್.

ನಾನು ವರ್ಷಗಳ ಅಭ್ಯಾಸದಂತೆ ಫಟ್ಟನೆ ಮುಚ್ಚಳ ಮುಚ್ಚಿದೆ. ಹೆಡ್‌ಫೋನ್ ಕಳಚಿ ಲ್ಯಾಪ್‌ಟಾಪಿನ ಜೊತೆಗೇ ದಿಂಬಿನ ಮೇಲಿಟ್ಟೆ. ಹೆಂಡತಿಯನ್ನು ಕೂಗಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಶುರುಹಚ್ಚಿದೆ.

ಏನು ಹೇಳಿದೆ ಎನ್ನುವುದಕ್ಕಿಂತ ಏನು ಬಿಟ್ಟೆ ಎನ್ನುವುದು ಸುಲಭ. ಗುರುಸಮಾನರು ಮೀಟಿಂಗಿನಲ್ಲಿ ಗೊರಕೆ ಹೊಡೆಯುವುದು, ಒಡಹುಟ್ಟಿದ ತಮ್ಮ ಬೆನ್ನೆಲುಬಿಲ್ಲದವನು, ಆಫೀಸಿನಲ್ಲಿ ನನ್ನ ಕುರ್ಚಿಯ ಮುರಿದ ಕೈ, ಇಷ್ಟು ವರ್ಷದಲ್ಲಿ ಒಬ್ಬನಾದರೂ ನನ್ನ ಮಾತು ಕೇಳಿಸಿಕೊಂಡಿದ್ದಾನೆಯೇ ಎಂಬ ಸಂಕಟ. ಅವಳು ನಡುವೆ ಬಾಯಿ ಹಾಕಲಿಲ್ಲ. ಬೇರೆ ಕಡೆ ನೋಡಲಿಲ್ಲ. ನಾನು ಉಸಿರಿಗೆ ನಿಂತಾಗ ಮಾತ್ರ ಮೆಲ್ಲಗೆ ಕೇಳಿದಳು:

“ನಿಮಗೆ ಬೇಜಾರಾಗಿರೋದು ಕುರ್ಚಿ ಸಿಗಲ್ವೇನೋ ಅಂತಾನಾ, ಇಲ್ಲಾ ಅವರ್‍ಯಾರೂ ನಿಮ್ಮನ್ನ ಕೇಳ್ಕೊಳ್ಳಲ್ಲ ಅಂತಾನಾ?”

ಎರಡನೆಯದೇ ಎಂದು ಒಪ್ಪಿಕೊಂಡೆ. ಆಗಿನಿಂದ ಮೊಬೈಲ್ ಬಡಿದುಕೊಳ್ಳುತ್ತಲೇ ಇತ್ತು. ಅಭಿನಂದನೆ ಹೇಳಲು ಇಷ್ಟು ಆತುರವೇ ಎಂದುಕೊಂಡು ಅದರ ಬಾಯಿ ಮುಚ್ಚಿಸಿದೆ.

ಆಗ ಅವಳ ಕೈ ದಿಂಬಿನ ಕಡೆ ಹೋಯಿತು.

“ರೀ, ಇದು ಸುಡ್ತಿದೆ.”

“ಮುಚ್ಚಿದೀನಲ್ಲೇ. ಮಲಗಿರೋದು ಹೇಗೆ ಸುಡುತ್ತೆ?”

“ಮುಚ್ಚಿದ್ರೂ ಮಲಗಬೇಡ ಅಂತ ನೀವೇ ಹೇಳಿದ್ರಲ್ಲ.”

ಮುಚ್ಚಳ ಎತ್ತಿದೆ. ಹದಿನಾರು ಮುಖಗಳು! ಒಬ್ಬಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಒಬ್ಬ ಮೇಜಿನ ಮೇಲೆ ತಲೆಯಿಟ್ಟಿದ್ದ, ಅವನ ಹೆಗಲು ಮಾತ್ರ ಕುಲುಕುತ್ತಿತ್ತು. ‘ಆಗಲಿ ಸರ್’ ಮೊದಲ ಬಾರಿಗೆ ಮಾತಿಲ್ಲದೆ ಕೂತಿದ್ದ. ಅವರೆಲ್ಲ ನಿಲ್ಲಿಸಿ ನಿಲ್ಲಿಸಿ ಎಂದು ಕೂಗಿದ್ದು ದಿಂಬಿನ ಮೇಲಿದ್ದ ಹೆಡ್‌ಫೋನಿನೊಳಗೇ ಉಳಿದುಹೋಗಿತ್ತು. ಗಾಬರಿಗೆ ಕೈ ತಾಗಿ ಹೆಡ್‌ಫೋನಿನ ವೈರು ಕಿತ್ತುಬಂತು. ಮ್ಯಾನೇಜರ್ ದನಿ ಕೋಣೆಯನ್ನೆಲ್ಲ ತುಂಬಿತು.

“ನಾನು ಗೊರಕೆ ಹೊಡೀತೀನಿ ಅಂತ ನಮ್ಮ ಮನೆಯವರೂ ಹೇಳ್ತಿದ್ರು. ನಂಬಿರಲಿಲ್ಲ,” ಎಂದರು. ಅವರ ಕಣ್ಣು ನನ್ನನ್ನು ದಾಟಿ ಹಿಂದೆ ಹೋಯಿತು. “ನಮಸ್ಕಾರ ಮೇಡಂ. ಅಷ್ಟು ಕೋಪದಲ್ಲಿರೋರ ದೂರನ್ನ ಹನ್ನೊಂದು ನಿಮಿಷ ಕೇಳಿ, ಒಂದೇ ಪ್ರಶ್ನೆಯಲ್ಲಿ ಸಮಾಧಾನ ಮಾಡಿದ್ರಿ. ಇದನ್ನ ನಮ್ಮೋರಿಗೆ ಕಲಿಸೋಕೆ ನಂಗೆ ಇವತ್ತಿಗೂ ಆಗಿಲ್ಲ. ಈ ರೆಕಾರ್ಡಿಂಗ್ ನಾವು ಪಾಠಕ್ಕೆ ಬಳಸ್ಕೋಬಹುದಾ?”

“ಆಗಲಿ ಸರ್,” ಎಂದಳು ನನ್ನ ಹೆಂಡತಿ. ನನ್ನನ್ನು ಒಂದು ಮಾತೂ ಕೇಳಲಿಲ್ಲ!

ಕುರ್ಚಿ ಆ ತಮ್ಮನಿಗೇ ಹೋಯಿತು. ನನಗೆ ಸಿಕ್ಕಿದ್ದು ಹೊಸಬರಿಗೆ ತರಬೇತಿ ಕೊಡುವ ಕೆಲಸ. ಯಾರ ಗುರುತೂ ಸಿಗದಂತೆ ಅಲ್ಲಲ್ಲಿ ಕತ್ತರಿಸಿ, ಆ ರೆಕಾರ್ಡಿಂಗಿಗೆ ‘ಕೋಪಗೊಂಡ ಗಿರಾಕಿಯನ್ನು ಸಂಭಾಳಿಸುವುದು ಹೇಗೆ’ ಎಂದು ಹೆಸರಿಟ್ಟಿದ್ದಾರೆ. ಕೋಪದಲ್ಲಿ ನನ್ನ ದನಿ ಗುರುತೇ ಸಿಗದಷ್ಟು ಬದಲಾಗುತ್ತದಂತೆ. ಅಷ್ಟರಮಟ್ಟಿಗೆ ನಾನು ಪುಣ್ಯವಂತ. ಪ್ರತಿ ಸೋಮವಾರ ನಾನೇ ನನ್ನ ಕೈಯಾರೆ ಅದನ್ನು ಹಾಕಿ ಕೇಳಿಸಬೇಕು.

ಮೊನ್ನೆ ಹೊಸದಾಗಿ ಸೇರಿದ ಹೆಂಗಸೊಬ್ಬರು ಪೂರ್ತಿ ಕೇಳಿ ನಿಟ್ಟುಸಿರು ಬಿಟ್ಟರು.

“ಆ ಮೇಡಂಗೇನು ಸರ್, ಹನ್ನೊಂದು ನಿಮಿಷದಲ್ಲಿ ಮುಗೀತು. ಈ ಮನುಷ್ಯನ ಹೆಂಡತಿ ಜೀವನಪೂರ್ತಿ ಹೇಗೆ ತಡ್ಕೋತಾರೋ?”

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ.